ಸೋಡಿಯಂನ ಕೊನೇ ಅಕ್ಷರ ಖುರ್ಷೀದಾ

ನಮ್ಮ ಬೀದಿಯ ಖುರ್ಷೀದಾ ಹೇಳಿದ ದಿನಕ್ಕೆ ಒಂದು ಬ್ಲೌಸನ್ನೂ ಹೊಲಿದು ಕೊಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನಾನು ಅವಳನ್ನು ಹೊಗಳುವುದಿದೆ, ಆಗ ನೀವು ಅವಳನ್ನು ದೊಡ್ಡ ಸಾಧ್ವಿ ಅಂದುಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ತಂಗಿಯ ಮದುವೆಗೆಂದು ಹೊಲಿಯಲು ಕೊಟ್ಟ ರೇಷ್ಮೆ ಬ್ಲೌಸು ಆ ತಂಗಿಯ ಸೀಮಂತಕ್ಕೆ ಕೈಸೇರಿತು. ಕೇಳಿದಾಗಲೆಲ್ಲ ಒಂದೇ ಉತ್ತರ, "ಹುಕ್ಕೊಂದು ಬಾಕಿ ಅಕ್ಕಾ, ನಾಳೆ ಪಕ್ಕಾ."

ಲಿಂಗರಾಜಪುರದಲ್ಲಿ ನಮ್ಮ ಮನೆಯ ಎದುರೇ ಅವಳ ಮನೆ. ಮುಂದಿನ ಕೋಣೆಯೇ ಅಂಗಡಿ. ಗಂಡ ಶಫಿ ಆಟೊ ಓಡಿಸುತ್ತಿದ್ದ. ಅವನಿಗೆ ಮಾತು ಕಡಿಮೆ, ಅವನ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು. ಶಿವಾಜಿನಗರದ ಉರ್ದು ಶಾಲೆಯಲ್ಲಿ ಕಲಿತವಳು, ಉರ್ದು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಿದ್ದಳು. ಮನೆಯೊಳಗೆ ದಖನಿ, ಪಕ್ಕದ ಮನೆಯವರೊಂದಿಗೆ ತಮಿಳು, ನನ್ನೊಂದಿಗೆ ಜಗಳವಾಡುವುದಕ್ಕೆ ಚೊಕ್ಕ ಕನ್ನಡ. ಆದರೆ ಕನ್ನಡ ಓದಲು ಬರುತ್ತಿರಲಿಲ್ಲ. ಬರಬೇಕೆಂಬ ಚಿಂತೆಯೂ ಅವಳಿಗಿರಲಿಲ್ಲ, ನಮ್ಮನೆಯವರು ಅವಳ ಕೊರಳಿಗೆ ಒಂದು ಅಕ್ಷರ ಕಟ್ಟುವವರೆಗೆ.

ನಮ್ಮನೆಯವರು ಅಂದರೆ ಪಂಚಾಕ್ಷರಿ. ಊರು ದಾವಣಗೆರೆ ಕಡೆ, ಕೆಲಸ ಹಳೇ ಮದ್ರಾಸ್ ರಸ್ತೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ. ಹಗಲೆಲ್ಲ ತಗಡು, ಸಲಾಕೆ, ತಂತಿಗಳ ನಡುವೆ ಇದ್ದು ಸಂಜೆ ಬಂದು ಪದಬಂಧ ತುಂಬಿಸುವ ಮನುಷ್ಯ. ಬೇರೆಯವರು ಮಾಡಿದ್ದನ್ನು ತುಂಬಿಸಿ ತುಂಬಿಸಿ ಬೇಸರವಾಗಿ ತಾವೇ ಪದಬಂಧ ಮಾಡತೊಡಗಿದರು. ಯಾವ ಪತ್ರಿಕೆಯೂ ಹಾಕಿಕೊಳ್ಳಲಿಲ್ಲ. ಅದಕ್ಕೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೀದಿಯ ಕನ್ನಡ ಸಂಘದ ತಲೆಗೆ ಕಟ್ಟಿದರು. ರಾಜ್ಯೋತ್ಸವದ ದಿನ ಮೈದಾನದಲ್ಲಿ ಆಡುವ ಪದಬಂಧ.

ಆಟ ಹೀಗೆ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಚೌಕಗಳ ಸಾಲು. ಬೀದಿಯ ಹೆಂಗಸರು ಗಂಡಸರು ಒಬ್ಬೊಬ್ಬರ ಕೊರಳಿಗೂ ಒಂದೊಂದು ರಟ್ಟು, ರಟ್ಟಿನ ಮೇಲೆ ಒಂದು ಅಕ್ಷರ. ನಮ್ಮನೆಯವರು ಮೈಕಿನಲ್ಲಿ ಸುಳಿವು ಹೇಳುತ್ತಾರೆ, ನೆರೆದವರು ಉತ್ತರ ಕೂಗುತ್ತಾರೆ, ಆ ಉತ್ತರದ ಅಕ್ಷರಗಳು ಓಡಿಹೋಗಿ ಚೌಕಗಳಲ್ಲಿ ಸಾಲಾಗಿ ನಿಲ್ಲುತ್ತವೆ. ಚಪ್ಪಾಳೆ ಬೀಳುತ್ತದೆ. ಕರಿಹಲಗೆಯ ಪದಬಂಧದಲ್ಲಿ ಆ ಪದ ಬರೆದಾದ ಮೇಲೆ ಅಕ್ಷರಗಳು ವಾಪಸ್ ಬಂದು ಬೆಂಚಿನ ಮೇಲೆ ಕೂರುತ್ತವೆ.

ಮೊದಲ ವರ್ಷ ಹಣ್ಣಿನ ಹೆಸರುಗಳನ್ನು ಇಟ್ಟಿದ್ದರು. "ಗಿಳಿಗೆ ಬಲು ಇಷ್ಟ, ಹೊಟ್ಟೆ ತುಂಬಾ ಬೀಜ, ಮೂರಕ್ಷರ." ಉತ್ತರ ಪೇರಲ. ಪೇ, ರ, ಲ ಮೂವರೂ ಹೋಗಿ ನಿಂತದ್ದೇ ತಡ, ಸಂಘದ ಅಧ್ಯಕ್ಷ ರಾಮಯ್ಯನವರು ಕುರ್ಚಿಯಿಂದ ಎದ್ದರು. ಲಿಂಗರಾಜಪುರ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದವರು ಅವರು, ಎಮ್ಮೆ ಸಾಕಿ ಇಡೀ ಬೀದಿಗೆ ಹಾಲು ಹಾಕುತ್ತಿದ್ದವರು.

"ಏನಪ್ಪಾ ಅದು ಪೇರಲ? ಅದು ಸೀಬೆ. ನನ್ನ ಹಿತ್ತಲಲ್ಲೇ ಮರ ಐತೆ."

"ನಮ್ಮ ಕಡೆ ಪೇರಲ ಅಂತಾರ್ರಿ" ಅಂದರು ನಮ್ಮನೆಯವರು.

"ನಿಮ್ ಕಡೆ ಹೋದಾಗ ಅನ್ನು. ಇಲ್ಲಿ ಸೀಬೆ."

ಇಬ್ಬರೂ ಬಿಡಲಿಲ್ಲ. ಪೇ, ರ, ಲ ಬಿಸಿಲಿನಲ್ಲಿ ನಿಂತೇ ಇದ್ದರು. ಕೊನೆಗೆ ಲಾಡು ಹಂಚುವುದನ್ನೂ ಮರೆತು ಸಭೆ ಚೆದುರಿತು. ಅವತ್ತು ಮನೆಗೆ ಬಂದು ನಮ್ಮನೆಯವರು ಪ್ರತಿಜ್ಞೆ ಮಾಡಿದರು. "ಇನ್ಮೇಲೆ ಲೋಹ ಬಿಟ್ರೆ ಬ್ಯಾರೆ ಏನೂ ಹಾಕಂಗಿಲ್ಲ ನಾನು. ಸೋಡಿಯಂ ದಾವಣಗೆರೇಲೂ ಸೋಡಿಯಂ, ಹಲಸೂರಲ್ಲೂ ಸೋಡಿಯಂ. ತಮಿಳರ ಮನೇಲೂ ಅದೇ, ಸಾಬರ ಮನೇಲೂ ಅದೇ. ಯಾರು ಜಗಳ ತೆಗೀತಾರೋ ನೋಡೇಬಿಡ್ತೀನಿ."

ಹೇಳಿದಂತೆ ನಡೆದುಕೊಂಡರು, ಅದೇ ತೊಂದರೆಯಾದದ್ದು. ಪಾತ್ರೆಯ ಕಲಾಯಿಗೆ ಬೇಕಾದದ್ದು ತವರ. ಜ್ವರ ನೋಡುವ ಕಡ್ಡಿಯಲ್ಲಿ ಏರುವುದು ಪಾದರಸ. ಅಡಿಗೆ ಉಪ್ಪಿನಲ್ಲಿ ಅಡಗಿರುವುದು ಸೋಡಿಯಂ. ವರ್ಷ ವರ್ಷವೂ ಇದೇ. ಹಿತ್ತಾಳೆಯನ್ನಾದರೂ ಸೇರಿಸ್ರಿ ಎಂದು ನಾನು ಹೇಳಿದರೆ, "ಅದು ಬೆರಕೆ, ಮೂಲಧಾತು ಅಲ್ಲ" ಎಂದು ಹಿತ್ತಾಳೆಯ ಮಾನವನ್ನೇ ಕಳೆದರು.

ಅಕ್ಷರಗಳ ಹಂಚಿಕೆಯಲ್ಲೂ ಕಿರಿಕಿರಿ ಇಲ್ಲದೆ ಇರಲಿಲ್ಲ. ರಾಮಯ್ಯನವರು ತಮ್ಮ ಹೆಸರಿನದೆಂದು ರ ಅಕ್ಷರವನ್ನು ಹಿಡಿದುಕೊಂಡರು. ತವರದ ಕೊನೆಗೂ ಅವರೇ, ಪಾದರಸದ ನಡುವೆಯೂ ಅವರೇ. ನಾನು ಸ, ಸತುವಿನ ತಲೆ, ಸೀಸದ ಬಾಲ. ಹೂ ಮಾರುವ ಮಂಜುಳಮ್ಮ ಡಿ. ನಮ್ಮನೆಯವರು ಮೈಕು ಬಿಟ್ಟು ಓಡಿಬಂದು ಕಬ್ಬಿಣದ ಣ ಆಗಿ ನಿಲ್ಲುತ್ತಿದ್ದರು. ಯಂ ಒಂದಕ್ಕೆ ಜನ ಸಿಗಲಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಖುರ್ಷೀದಾಳ ಕೊರಳಿಗೆ ತಂದು ಹಾಕಿದರು.

"ಸಾರ್, ನಂಗೆ ಕನ್ನಡ ಓದಕ್ಕೆ ಬರಲ್ಲ" ಅಂದಳು.

"ನೀವು ಓದೋದು ಬ್ಯಾಡ್ರಿ. ನಿಂತ್ರೆ ಸಾಕು."

ನಿಲ್ಲುವುದೆಲ್ಲಿ ಬಂತು, ಓಡುವುದೇ ಆಯಿತು. ಸೋಡಿಯಂ, ರೇಡಿಯಂ, ಬೇರಿಯಂ, ಲಿಥಿಯಂ, ಯುರೇನಿಯಂ, ಯಾವ ಲೋಹದ ಬಾಲ ಹಿಡಿದರೂ ಅಲ್ಲಿ ಖುರ್ಷೀದಾ ಬೇಕು. ಉಳಿದ ಅಕ್ಷರಗಳು ಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರೆ ಅವಳು ಬುರ್ಖಾದ ಅಂಚು ಎತ್ತಿ ಹಿಡಿದು ಓಡುತ್ತಲೇ ಇದ್ದಳು. ಮರುವರ್ಷದಿಂದ ಅವಳೊಂದು ಜಾಣತನ ಕಲಿತಳು. ಹೇಗಿದ್ದರೂ ತನ್ನನ್ನು ಕರೆಯುತ್ತಾರೆಂದು ಸುಳಿವು ಮುಗಿಯುವ ಮೊದಲೇ ಎದ್ದು ನಿಲ್ಲುತ್ತಿದ್ದಳು. ಅವಳು ಎದ್ದದ್ದನ್ನು ನೋಡಿ ಜನ ಯಂ ಇರುವ ಲೋಹಗಳನ್ನೆಲ್ಲ ಒಂದು ಕಡೆಯಿಂದ ಕೂಗುತ್ತಿದ್ದರು, ಉತ್ತರ ನೋಡಿದರೆ ತಾಮ್ರ ಆಗಿರುತ್ತಿತ್ತು. ನಮ್ಮನೆಯವರು ಮೈಕಿನಲ್ಲೇ, "ಖುರ್ಷೀದಾ ಅವರು ದಯವಿಟ್ಟು ಕೂತ್ಕೋಬೇಕು" ಎಂದು ವಿನಂತಿ ಮಾಡುತ್ತಿದ್ದರು.

"ಸಾರ್‌ದು ಲೋಹ ಎಲ್ಲಾ ನನ್ನ ಮೇಲೇ ಬಂದು ಬೀಳ್ತವೆ ಅಕ್ಕಾ, ಕಾಲು ಬಿದ್ದೋಯ್ತು" ಎಂದು ಗೊಣಗುತ್ತಿದ್ದಳು. ಹಾಗಾದರೆ ಮುಂದಿನ ಸಲ ಯಂ ಬೇರೆಯವರಿಗೆ ಕೊಡೋಣವೇ ಎಂದು ಕೇಳಿದ್ದಕ್ಕೆ ವಾರದವರೆಗೆ ನನ್ನೊಡನೆ ಮಾತು ಬಿಟ್ಟಳು.

ಹೀಗೆ ಕೆಲವು ವರ್ಷ ಕಳೆದವು. ಲೈನಿಂಗ್ ಬಟ್ಟೆ, ದಾರ ತರಲು ಶಿವಾಜಿನಗರಕ್ಕೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗುವುದು ಅವಳ ಅಭ್ಯಾಸ. ಒಂದು ದಿನ ಬಸ್ ಸ್ಟಾಪಿನಲ್ಲಿ ನಾನು ಸೊಪ್ಪಿನವಳ ಹತ್ತಿರ ಚೌಕಾಸಿಗೆ ನಿಂತಿದ್ದೆ. "ಬನ್ನಿ ಅಕ್ಕಾ, ನಮ್ ಬಸ್ಸು" ಎಂದು ಕೈಹಿಡಿದು ಹತ್ತಿಸಿಯೇಬಿಟ್ಟಳು. ಹಲಸೂರು ಕೆರೆ ಕಂಡ ಮೇಲೆ ನನಗೆ ಅನುಮಾನ ಬಂತು. ಇಂದಿರಾನಗರದಲ್ಲಿ ಇಳಿದೆವು.

"ಇದು ಶಿವಾಜಿನಗರದ ಬಸ್ಸು ಅಂತ ನಿಂಗೆ ಯಾರೇ ಹೇಳಿದ್ದು?" ಎಂದು ನಾನು ಹಾರಾಡಿದೆ.

"ನಾನೇ ಓದಿದೆ ಅಕ್ಕಾ. ಬೋರ್ಡಿನ ಕೊನೇಲಿ ರಾಮಯ್ಯನವರು ನಿಂತಿದ್ರು."

ನನಗೆ ತಲೆಬುಡ ಅರ್ಥವಾಗಲಿಲ್ಲ. ಹೊರಡುತ್ತಿದ್ದ ಬಸ್ಸಿನ ಬೋರ್ಡಿನತ್ತ ಬೆರಳು ತೋರಿಸಿದಳು. ಕೊನೆಯಲ್ಲಿ ರ ಇತ್ತು. ಶಿವಾಜಿನಗರ ಆಗಲಿ, ಇಂದಿರಾನಗರ ಆಗಲಿ, ನಮ್ಮ ಲಿಂಗರಾಜಪುರವೇ ಆಗಲಿ, ಎಲ್ಲದರ ಕೊನೆಗೂ ರಾಮಯ್ಯನವರು ನಿಂತಿರುತ್ತಾರೆಂದು ಅವಳಿಗೆ ಅವತ್ತೇ ಗೊತ್ತಾದದ್ದು. "ಆ ಮನುಷ್ಯಂಗೆ ಬೇರೆ ಕೆಲಸ ಇಲ್ವಾ" ಎಂದು ಬೈದುಕೊಳ್ಳುತ್ತಲೇ ವಾಪಸ್ ಬಂದಳು.

ಅಲ್ಲಿಗೆ ಗುಟ್ಟು ತಿಳಿಯಿತು. ನವೆಂಬರ್ ನವೆಂಬರಿಗೆ ಅಕ್ಕಪಕ್ಕ ನಿಂತವರ ಮುಖಗಳನ್ನೂ ರಟ್ಟುಗಳನ್ನೂ ನೋಡಿ ನೋಡಿ ಅವಳು ತನಗೆ ತಾನೇ ಕನ್ನಡ ಓದಲು ಕಲಿಯುತ್ತಿದ್ದಳು. ಅವಳಿಗೆ ಸ ಅಂದರೆ ನಾನು, ಡಿ ಅಂದರೆ ಮಂಜುಳಮ್ಮ, ಣ ಅಂದರೆ ಸಾರ್. ಕಾಗುಣಿತವನ್ನೂ ದರ್ಜಿಯ ಕಣ್ಣಿನಲ್ಲೇ ನೋಡಿದ್ದಳು. "ಮನುಷ್ಯ ಅದೇ ಅಕ್ಕಾ, ತೋಳು ಬೇರೆ." ರಾ ಅಂದರೆ ರಾಮಯ್ಯನವರು ಉದ್ದ ತೋಳಿನ ಅಂಗಿ ಹಾಕಿದ್ದಾರೆ, ರಿ ಅಂದರೆ ರುಮಾಲು ಸುತ್ತಿದ್ದಾರೆ. ಇದೆಲ್ಲ ಸರಿಯಲ್ಲವೆಂದು ನಾನು ಒಂದನೇ ಕ್ಲಾಸಿನ ಪುಸ್ತಕ ತಂದು ಆ ಆನೆ ಎಂದು ಶುರುಮಾಡಿದೆ. "ಆನೆ ನಮ್ ಬೀದೀಲಿ ಎಲ್ಲಿದೆ ಅಕ್ಕಾ? ಗುರುತು ಹೆಂಗೆ ಇಟ್ಕೊಳ್ಲಿ?" ಎಂದು ಪುಸ್ತಕ ಮಡಚಿ ಅದರ ಮೇಲೆ ಕತ್ತರಿ ಇಟ್ಟಳು.

ದಶಕ ಮುಗಿಯುತ್ತಾ ಬಂದಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಖುರ್ಷೀದಾ ನನ್ನ ಅಡಿಗೆಮನೆಗೆ ಬಂದು ಕೂತಳು. ಕಮ್ಮನಹಳ್ಳಿಯಲ್ಲಿ ಮಹಿಳಾ ಸಮಾಜದವರು ಹೊಲಿಗೆ ಕಲಿಸುವ ಕೇಂದ್ರ ತೆರೆಯುತ್ತಾರಂತೆ. ಟೀಚರ್ ಬೇಕಂತೆ. ಜನವರಿಯಲ್ಲಿ ಸಂದರ್ಶನ. ಹೊಲಿದು ತೋರಿಸುವುದು ಅವಳಿಗೆ ಎಡಗೈ ಕೆಲಸ, ಆದರೆ ಪಾಠದ ಪುಸ್ತಕ ಕನ್ನಡದ್ದು, ಹಾಗಾಗಿ ಕನ್ನಡ ಓದಿ ತೋರಿಸಲೇಬೇಕು.

"ಬ್ಲೌಸ್ ಲೇಟಾದ್ರೆ ಎಲ್ರೂ ನನ್ನ ಬೈತಾರೆ ಅಕ್ಕಾ. ಟೀಚರ್ ಆದ್ರೆ ನಾನೇ ಎಲ್ರನ್ನೂ ಬೈಬಹುದು" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಮದುವೆ ಆಗಿ ಬಂದಾಗಿಂದ ಆ ರೂಮಲ್ಲೇ ಕೂತಿದೀನಿ. ಒಂದ್ಸಲ ಹೊರಗೆ ಹೋಗಿ, ನಾಲ್ಕು ಜನದ ಮುಂದೆ ನಿಂತು, ನಂಗೆ ಗೊತ್ತಿರೋದು ಹೇಳ್ಬೇಕು. ಅಷ್ಟೇ ಆಸೆ."

ಅವಳು ಹೀಗೆ ಆಸೆಪಟ್ಟದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕೂಡಲೇ ಓದಿಸಲು ಕೂತೆ. ಕಷ್ಟ ಆಗ ಕಂಡಿತು. ಹೊಲಿಗೆ ಎಂಬ ಪದವನ್ನೇ ಅವಳು ಓದಲಾರಳು. ನಮ್ಮ ಮೈದಾನದಲ್ಲಿ ನಿಂತ ಲೋಹಗಳಲ್ಲಿ ಹ ಇರಲಿಲ್ಲ, ಗ ಇರಲಿಲ್ಲ, ಶ ಇರಲಿಲ್ಲ. ಯಾರೂ ನಿಲ್ಲದ ಅಕ್ಷರಕ್ಕೆ ಅವಳ ತಲೆಯಲ್ಲಿ ಮುಖವೇ ಇಲ್ಲ.

"ಈ ವರ್ಷ ಒಂದು ಲೋಹ ಬಿಡ್ರಿ, ಹ ಇರೋ ಪದ ಹಾಕ್ರಿ" ಎಂದು ನಮ್ಮನೆಯವರಿಗೆ ಹೇಳಿದೆ.

"ಆಗಂಗಿಲ್ಲ." ಅಷ್ಟು ಹೇಳಿ ಕಾರ್ಖಾನೆಯ ಕೆಮಿಸ್ಟಿನಿಂದ ಒಂದು ದಪ್ಪ ಪುಸ್ತಕ ಎರವಲು ತಂದರು. ಭಾನುವಾರವಿಡೀ ಅದರಲ್ಲಿ ಮುಳುಗಿದ್ದು, ಸಂಜೆ ಹೊತ್ತಿಗೆ ಗೆದ್ದವರ ಹಾಗೆ ಎದ್ದರು. "ಸಿಕ್ತು. ಹಾಫ್ನಿಯಂ."

"ಇದ್ಯಾವ ಊರಿನ ಲೋಹರೀ? ಯಾರಿಗೆ ಗೊತ್ತು?"

"ಲೋಹ ಹೌದೋ ಅಲ್ಲೋ?"

"ಹಂಗಾದ್ರೆ ಲೋಹ ಅಂತಲೇ ಹಾಕ್ರಿ. ಅದ್ರಲ್ಲೇ ಹ ಐತಲ್ಲ."

ಅವರು ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ, "ಲೋಹ ಅನ್ನೋದು ಲೋಹ ಅಲ್ಲ" ಅಂದರು. ಇಂಥವರ ಜೊತೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಮರುದಿನ ಬೆಳಗ್ಗೆ ಹಾಲು ತಂದ ರಾಮಯ್ಯನವರ ಮುಂದೆ ನನ್ನ ಹೊಟ್ಟೆಯೊಳಗಿನದನ್ನೆಲ್ಲ ಹೇಳಿಬಿಟ್ಟೆ. ಅವರು ಕ್ಯಾನನ್ನು ಹೊಸಿಲ ಬಳಿ ಇಟ್ಟು ಒಳಗೆ ಬಂದರು, ಪೇಪರ್ ಓದುತ್ತಿದ್ದ ನಮ್ಮನೆಯವರ ಎದುರು ಕೂತರು.

"ಪಂಚಾಕ್ಷರಪ್ಪಾ, ನೀನು ಲೋಹ ಹಿಡ್ಕೊಂಡಿದ್ದು ನನ್ನ ಮೇಲಿನ ಕೋಪಕ್ಕೆ ಅಂತ ನಂಗೊತ್ತು."

ನಮ್ಮನೆಯವರು ಪೇಪರ್ ಇಳಿಸಲಿಲ್ಲ.

"ಈ ಸಲ ಪೇರಲ ಅಂತಾನೇ ಹಾಕು. ಅದರ ಜೊತೆ ಇನ್ನೇನು ಬೇಕೋ ಹಾಕು. ನಾನು ತಕರಾರು ತೆಗೆಯಲ್ಲ. ಆ ಹೆಣ್ಮಗು ಓದ್ಲಿ."

ಪೇಪರ್ ಇಳಿಯಿತು. "ಪೇರಲದಲ್ಲಿ ರ ಬರ್ತೈತಿ. ನೀವೇ ನಿಲ್ಬೇಕಾಗ್ತೈತಿ ಮತ್ತೆ."

"ನಿಲ್ತೀನಿ" ಅಂದರು ರಾಮಯ್ಯನವರು.

ಆ ನವೆಂಬರಿನಲ್ಲಿ ಸೀಬೆ ಮರದ ಯಜಮಾನರು ಪೇರಲದ ಹೊಟ್ಟೆಯಲ್ಲಿ ನಿಂತದ್ದನ್ನು ಇಡೀ ಲಿಂಗರಾಜಪುರ ನೋಡಿ ನಕ್ಕಿತು. ಅವರೂ ನಕ್ಕರು. "ಹಣ್ಣು ಮಾತ್ರ ಸೀಬೆನೇ" ಎಂದು ಮೈಕಿಗೆ ಕೇಳುವಷ್ಟು ಜೋರಾಗಿಯೂ ಅಂದರು. ಹೊಸ ಅಕ್ಷರಗಳಿಗೆ ಮುಖ ಆರಿಸುವ ಕೆಲಸ ನನ್ನದು. ಹ ಅಕ್ಷರವನ್ನು ಖುರ್ಷೀದಾಳ ಅತ್ತೆ ನೂರ್ಜಹಾನ್ ಅವರಿಗೆ ಕಟ್ಟಿದೆ, ಅತ್ತೆಯ ಮುಖ ಮರೆಯುವ ಸೊಸೆಯನ್ನು ನಾನಂತೂ ಕಂಡಿಲ್ಲ. ಶ ನಮ್ಮ ಪಕ್ಕದ ಮನೆಯ ಸುಗತನಿಗೆ ಹೋಯಿತು. ಗ ಅಕ್ಷರವನ್ನು ಶಫಿಗೆ ಕೊಟ್ಟದ್ದೇ ತಪ್ಪಾಯಿತು. ಮನೆಗೆ ಬಂದು ಓದಿಸಿದರೆ ಹ, ಶ ಎಲ್ಲ ಸರಾಗ, ಗ ಬಂದಾಗ ಮಾತ್ರ ತಡವರಿಸುವಳು. "ಅವರ ಮುಖ ಯಾವಾಗ ಸರಿಯಾಗಿ ನೋಡಿದೀನಿ ಅಕ್ಕಾ" ಅಂದಳು. ಹೊರಗೆ ಆಟೊ ಒರೆಸುತ್ತಿದ್ದ ಶಫಿ ಅದರ ಕನ್ನಡಿಯನ್ನು ಇನ್ನೊಮ್ಮೆ ಒರೆಸಿದ.

ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಹಾಲು ಬರಲಿಲ್ಲ. ರಾಮಯ್ಯನವರು ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಕೊಟ್ಟಿಗೆಯಲ್ಲಿ ಎಮ್ಮೆಗಳು ಒಂದೇ ಸಮ ಕೂಗುತ್ತಿದ್ದವು. ಖುರ್ಷೀದಾ ಅಂಗಡಿ ಮುಚ್ಚಿ ಬಂದು ಅವರ ಮನೆಯ ಜಗಲಿಯ ಮೇಲೆ ಕೂತವಳು, ಎತ್ತಿಕೊಂಡು ಹೋದ ಮೇಲೂ ಅಲ್ಲಿಂದ ಏಳಲಿಲ್ಲ. ನನಗೂ ಒಲೆ ಹಚ್ಚಲು ಮನಸ್ಸಾಗಲಿಲ್ಲ. ದಿನಾ ಬೆಳಗ್ಗೆ ಬಾಗಿಲು ತೆರೆದರೆ ಕಾಣುತ್ತಿದ್ದ ಮನುಷ್ಯ.

ಆಮೇಲೆ ಓದಿಸಲು ಕೂತರೆ ಅವಳು ರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ಕಣ್ಣು ತುಂಬುತ್ತಿತ್ತು, ಪುಸ್ತಕ ಮುಚ್ಚುತ್ತಿದ್ದಳು. ಕನ್ನಡದಲ್ಲಿ ರ ಇಲ್ಲದ ಸಾಲನ್ನು ನಾನು ಎಲ್ಲಿಂದ ತರಲಿ? ಸಂದರ್ಶನ ಹತ್ತಿರ ಬರುತ್ತಿತ್ತು, ನನಗೆ ಸಿಟ್ಟು ನೆತ್ತಿಗೇರಿತು. "ಅದು ಬರೀ ಅಕ್ಷರ ಕಣೇ" ಅಂದೆ.

"ನಿಮಗೆ ಅಕ್ಷರ ಅಕ್ಕಾ" ಅಂದಳು.

ನಮ್ಮನೆಯವರಿಗೂ ಸಂಕಟ. ಅಟ್ಟದಿಂದ ರ ರಟ್ಟನ್ನು ಇಳಿಸಿ ತಮ್ಮ ಕೊರಳಿಗೇ ಹಾಕಿಕೊಂಡು ಅವಳ ಅಂಗಡಿಯ ಮುಂದೆ ಹೋಗಿ ನಿಂತರು. ಅವಳು ಮಷಿನ್ ನಿಲ್ಲಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಸಾರ್, ನೀವು ಣ" ಅಂದಳು. ಅವರು ಕೊರಳಿನ ರಟ್ಟು ತೆಗೆದು ಮನೆಗೆ ಬಂದರು.

ಸಂದರ್ಶನದ ದಿನ ಶಫಿಯ ಆಟೊದಲ್ಲೇ ಕಮ್ಮನಹಳ್ಳಿಗೆ ಹೋದೆವು. ಅವಳನ್ನು ಒಳಗೆ ಕಳಿಸಿ ನಾನೂ ಶಫಿಯೂ ಕಿಟಕಿಯ ಹೊರಗೆ ನಿಂತೆವು. ಮೊದಲು ಬ್ಲೌಸ್ ಹೊಲಿಸಿದರು. ಅಷ್ಟು ಬೇಗ ಅವಳು ಬ್ಲೌಸ್ ಮುಗಿಸಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ, ಒಳಗೊಳಗೇ ಉರಿದುಕೊಂಡೆ. ಹೊಲಿಗೆ ನೋಡಿದ ಮಹಿಳಾ ಸಮಾಜದ ಮೇಡಂ ಮುಖ ಅರಳಿತು. ಆಮೇಲೆ ಒಂದು ಅಚ್ಚಾದ ಕಾಗದ ಕೊಟ್ಟು, ಮೇಲಿನ ಸಾಲನ್ನು ಓದಿ ಅಂದರು. ದಪ್ಪ ಅಕ್ಷರ, ನನಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಹೊಲಿಗೆ ತರಬೇತಿ ಶಿಬಿರ. ಅದರಲ್ಲಿ ರ ಎರಡು ಕಡೆ.

"ಹೊ" ಅಂದಳು, ಅತ್ತೆಯನ್ನು ನೆನೆದು. "ಲಿ" ಅಂದಳು. ಮುಂದಿನದಕ್ಕೆ ತಡವರಿಸಿದಳು. ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು, ಶಫಿಯ ಮುಖವನ್ನೇ. ಅವನು ಮಿಸುಕದೆ ನಿಂತ. "ಗೆ" ಅಂದಳು. ಮತ್ತೆ ಕಾಗದಕ್ಕೆ ಬಗ್ಗಿದಳು. "ತ" ಅಂದಳು, ಅಲ್ಲಿಗೆ ನಿಂತಳು.

ಮೇಡಂ ಕಾದರು. ಕಾದು ಕಾದು, ಪೆನ್ನಿನ ತುದಿಯನ್ನು ಆ ಅಕ್ಷರದ ಕೆಳಗಿಟ್ಟು, "ಇದು ಗೊತ್ತಿಲ್ವಾ?" ಎಂದು ಕೇಳಿದರು.

"ಗೊತ್ತು ಮೇಡಂ" ಅಂದಳು ಖುರ್ಷೀದಾ. "ಹೋದ ತಿಂಗಳು ತೀರ್ಕೊಂಡ್ರು."

ಮೇಡಂಗೆ ಏನು ಅರ್ಥವಾಯಿತೋ, ಏನೂ ಆಗಲಿಲ್ಲವೋ ನಾನು ಕಾಣೆ. ಆದರೆ ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡು ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಅವಳು ಕುಡಿಯಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಳು. "ಬನ್ನಿ, ನಿಂತ್ಕೊಳ್ಳಿ" ಎಂದು ಮೆಲ್ಲಗೆ ಅಂದದ್ದು ನನಗೂ ಕೇಳಿಸಿತು, ಶಫಿಗೂ ಕೇಳಿಸಿತು.

"ತರಬೇತಿ" ಎಂದು ಓದಿದಳು. ಶಿಬಿರದ ಕೊನೆಯಲ್ಲಿ ರಾಮಯ್ಯನವರು ಇನ್ನೊಮ್ಮೆ ನಿಂತಿದ್ದರು. ಈ ಸಲ ಅವಳು ತಡವರಿಸಲಿಲ್ಲ, ಗಟ್ಟಿಯಾಗಿ ಓದಿ ಕಾಗದವನ್ನು ಮೇಜಿನ ಮೇಲಿಟ್ಟಳು. ಸೋಮವಾರದಿಂದ ಬನ್ನಿ ಅಂದರು ಮೇಡಂ. ನಾನು ಕಿಟಕಿಯ ಸರಳು ಹಿಡಿದುಕೊಂಡು, ಶಫಿಯ ಎದುರಿಗೇ, ನಾಚಿಕೆ ಬಿಟ್ಟು ಅತ್ತೆ.